ಅಜ್ಜಿಯ ‘ಸೋ’ ಎಲ್ಲಿ ಹೋಯ್ತು?

ಅತ್ತೆ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ “ಎಂತ ಮಾಡಿದ್ಯೋ ಮಾರಾಯ? ದನಿ ಅಮ್ಮಂದೇ. ಆದ್ರೆ ಅಮ್ಮ ಹಿಂಗೆ ಹಾಡ್ತಿರ್ಲಿಲ್ಲ” ಅಂದರು.

ಮೂರು ರಾತ್ರಿ ಕೂತು ಮಾಡಿದ ಕೆಲಸ ಅದು. ಹಳೇ ಕ್ಯಾಸೆಟ್ಟಿನಲ್ಲಿ ಅಜ್ಜಿ ಹಾಡಿದ ಸೋಬಾನೆ ಹಾಡುಗಳಿದ್ದವು, ಹಾಡಿಗಿಂತ ಜಾಸ್ತಿ ಅದರಲ್ಲಿ ಶ್‌ಶ್ ಅನ್ನೋ ಸದ್ದಿತ್ತು, ಆ ಸದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ತೆಗೆದು ಬಾವಿ ನೀರಿನ ಹಾಗೆ ತಿಳಿ ಮಾಡಿದ್ದೇನೆ ಅಂದುಕೊಂಡಿದ್ದೆ. ಅತ್ತೆ ಇನ್ನೊಂದು ಸಲ ಕೇಳಿ ಬೆರಳಿಟ್ಟು ತೋರಿಸಿದರು. “ಸಾಲಿನ ಕೊನೆಗೆ ಸೋ ಅಂತ ಎಳೀತಾರಲ್ಲ, ಅದು ಓ ಅಂತ ಕೇಳ್ತದೆ ನೋಡು. ಅಮ್ಮನಿಗೆ ಮುಂದಿನ ಹಲ್ಲು ಇರ್ಲಿಲ್ಲ. ಅವರ ಸೋ ಗಾಳಿ ಗಾಳಿಯಾಗಿ ಬರ್ತಿತ್ತು. ಆ ಗಾಳಿನೇ ಇಲ್ಲ ಇದ್ರಲ್ಲಿ.”

ಸರಿಯಾಗಿ ಹೇಳಿದ್ದರು. ನಾನು ಹಿಸ್, ಅಂದರೆ ಆ ಶ್‌ಶ್ ಸದ್ದು, ತೆಗೆಯೋಕೆ ಹೋಗಿ ಅಜ್ಜಿಯ ‘ಸ’ವನ್ನೇ ತೆಗೆದುಹಾಕಿದ್ದೆ. ಯಾಕೆ ಹಾಗಾಯ್ತು, ಆಮೇಲೆ ಹೇಗೆ ಸರಿ ಮಾಡಿದೆ ಅಂತ ಬರೆಯೋಣ ಅನ್ನಿಸಿತು. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ನಾಲ್ಕು ಕ್ಯಾಸೆಟ್ ಇರಬಹುದು, ಅಥವಾ ಫೋನಿನಲ್ಲಿ ಅಮ್ಮನ ದನಿ ಹಿಡಿದಿಟ್ಟದ್ದು ಇರಬಹುದು. ಅದಕ್ಕೆ ಕೈ ಹಾಕೋ ಮೊದಲು ಇದನ್ನು ಓದಿ.

ಮೊದಲು ಕ್ಯಾಸೆಟ್ಟಿನ ಕಥೆ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗೆ. ಚಿಕ್ಕಪ್ಪನಿಗೆ ಆಗ ಹೊಸದಾಗಿ ಒಂದು ಟು ಇನ್ ಒನ್, ರೇಡಿಯೋನೂ ಕ್ಯಾಸೆಟ್ಟೂ ಸೇರಿರೋ ಡಬ್ಬಿ, ಬಂದಿತ್ತು. ಮನೆಯಲ್ಲಿ ಮದುವೆ ಮುಗಿದ ವಾರ, ಜಗಲಿಯಲ್ಲಿ ಅಜ್ಜಿಯನ್ನು ಕೂರಿಸಿ, ಆ ಡಬ್ಬಿಯನ್ನು ಎದುರಿಗೆ ಇಟ್ಟು, ಅದರಲ್ಲೇ ಇರೋ ಸಣ್ಣ ಮೈಕಿನಲ್ಲಿ ರೆಕಾರ್ಡ್ ಮಾಡಿದ್ದರು. 60 ನಿಮಿಷದ ಕ್ಯಾಸೆಟ್, ಒಂದು ಕಡೆಗೆ ಅರ್ಧ ಗಂಟೆ. ಅಜ್ಜಿ ಹೋಗಿ ತುಂಬಾ ವರ್ಷ ಆಯ್ತು. ಅವರ ದನಿ ಇರೋದು ಈ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಮಧ್ಯೆ ಇದ್ದಿದ್ದರಿಂದ ನಮ್ಮ ಮಳೆಗಾಲದ ಬೂಷ್ಟು ಅದಕ್ಕೆ ಅಷ್ಟಾಗಿ ಹಿಡಿದಿರಲಿಲ್ಲ, ಅದೇ ದೊಡ್ಡ ಪುಣ್ಯ.

ಈ ಹಿಸ್ ಎಲ್ಲಿಂದ ಬರುತ್ತದೆ ಅಂದರೆ, ಅರ್ಧ ಟೇಪಿನದೇ. ಫಿಲಿಪ್ಸ್ ಕಂಪನಿ 1963ರಲ್ಲಿ ಈ ಕ್ಯಾಸೆಟ್ ತಂದಾಗ ಅದು ಮಾತು ಬರೆದುಕೊಳ್ಳೋದಕ್ಕೆ ಅಂತ ಮಾಡಿದ್ದು, ಸಂಗೀತಕ್ಕೆ ಅಂತ ಅಲ್ಲ. ಟೇಪಿನ ಅಗಲ 4 ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ, ಅದು ಓಡೋದು ಸೆಕೆಂಡಿಗೆ 4.76 ಸೆಂಟಿಮೀಟರ್. ಅಂದರೆ ಅಜ್ಜಿ ಒಂದು ಸೆಕೆಂಡ್ ಹಾಡಿದ್ದು ನಮ್ಮ ಎರಡು ಬೆರಳಗಲದಷ್ಟು ಟೇಪಿನ ಮೇಲೆ ಇದೆ, ಅದೂ ಟೇಪಿನ ಅರ್ಧ ಅಗಲದಲ್ಲಿ, ಯಾಕಂದ್ರೆ ಇನ್ನರ್ಧ ಬಿ ಸೈಡಿಗೆ. ಟೇಪಿನ ಮೇಲೆ ಬಳಿದಿರೋ ಕಬ್ಬಿಣದ ಆಕ್ಸೈಡಿನ ಪುಡಿಯ ಒಂದೊಂದು ಕಣವೂ ತನ್ನದೇ ಸಣ್ಣ ಕಾಂತ. ಆ ಕಣಗಳು ಒಂದರ ಹಿಂದೆ ಒಂದು ಟೇಪನ್ನು ಓದೋ ಹೆಡ್ಡಿನ ಮುಂದೆ ಹಾದುಹೋಗುವಾಗ ಬರೋ ಗೊಂದಲವೇ ನಮಗೆ ಶ್ ಅಂತ ಕೇಳೋದು. ಸ್ಟುಡಿಯೋದ ದೊಡ್ಡ ಟೇಪು ಅಗಲವೂ ಜಾಸ್ತಿ, ಓಡೋದೂ ಸೆಕೆಂಡಿಗೆ 38 ಸೆಂಟಿಮೀಟರಿನ ಹಾಗೆ, ಅದಕ್ಕೇ ಅಲ್ಲಿ ಹಿಸ್ ಕಡಿಮೆ. ಕ್ಯಾಸೆಟ್ ಡೆಕ್ಕಿನ ಮೇಲೆ ಡಾಲ್ಬಿ ಅಂತ ಒಂದು ಗುಂಡಿ ನೋಡಿರಬಹುದು, ಅದು ಇದೇ ಹಿಸ್ಸಿಗೆ ಮಾಡಿದ ಮದ್ದು. ರೆಕಾರ್ಡ್ ಮಾಡುವಾಗ ಮೆಲುವಾದ ತಾರ ಸ್ವರಗಳನ್ನು ಎತ್ತಿ ಬರೆದು, ನುಡಿಸುವಾಗ ಅಷ್ಟೇ ಇಳಿಸುತ್ತದೆ, ಅದರ ಜೊತೆ ಹಿಸ್ಸೂ ಇಳಿಯುತ್ತದೆ. ಆದರೆ ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟಿಗೆ ಮಾತ್ರ ಆ ಗುಂಡಿ ಒತ್ತಬೇಕು. ನಮ್ಮಂಥ ಮನೆ ಕ್ಯಾಸೆಟ್ಟಿಗೆ ಒತ್ತಿದರೆ ದನಿ ಕಂಬಳಿ ಹೊದ್ದ ಹಾಗೆ ಆಗುತ್ತದೆ.

ಇನ್ನರ್ಧ ಹಿಸ್ ಮೈಕಿನದು, ಮೈಕಿನ ಹಿಂದಿನ ಆಂಪ್ಲಿಫೈಯರಿನದು. ಬಾಯಿ ದೂರ ಇದ್ದಷ್ಟೂ ದನಿ ಸಣ್ಣದಾಗುತ್ತದೆ, ಸಣ್ಣದಾದ ದನಿಯನ್ನು ಎತ್ತೋಕೆ ಹೋದಾಗ ಜೊತೆಗೆ ಈ ಸದ್ದೂ ಏಳುತ್ತದೆ. ಇದು ಇವತ್ತಿನ ಫೋನಿಗೂ ಅಷ್ಟೇ ನಿಜ.

ನಾನು ಮೊದಲು ಮಾಡಿದ ಒಳ್ಳೆ ಕೆಲಸ ಅಂದರೆ ಸಾಫ್ಟ್‌ವೇರಿಗೆ ಹೋಗೋ ಮೊದಲು ಪ್ಲೇಯರ್ ಸರಿ ಮಾಡಿಸಿದ್ದು. ಚಿಕ್ಕಪ್ಪನ ಟು ಇನ್ ಒನ್ನಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಶಿವಮೊಗ್ಗದಲ್ಲಿ, ಗಾಂಧಿ ಬಜಾರಿನ ಹಿಂದಿನ ಒಂದು ಸಣ್ಣ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ಸಿಕ್ಕಿದರು. ಬೆಲ್ಟು ಬದಲಾಯಿಸಿದರು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಹೆಡ್ ಒರೆಸಿ ತೋರಿಸಿದರು, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಇನ್ನೊಂದು ವಿಷಯ ಹೇಳಿಕೊಟ್ಟರು, ಅದು ನನಗೆ ಗೊತ್ತೇ ಇರಲಿಲ್ಲ. ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಹೆಡ್ಡು ಟೇಪಿಗೆ ನೆಟ್ಟಗೆ ನಿಂತಿದೆಯಾ, ವಾಲಿದೆಯಾ ಅನ್ನೋದನ್ನು ಸರಿ ಮಾಡೋದು. ಕೂದಲೆಳೆಯಷ್ಟು ವಾಲಿದರೂ ತಾರದ ಸದ್ದು ಹೋಗಿಬಿಡುತ್ತದೆ, ದನಿ ಮಂಕಾಗುತ್ತದೆ. ಆಗ ನಾವು ಏನು ಮಾಡ್ತೀವಿ, ಟ್ರೆಬಲ್ ಏರಿಸ್ತೀವಿ, ಹಿಸ್ ಎರಡರಷ್ಟಾಗುತ್ತದೆ. ಅವರು ಕ್ಯಾಸೆಟ್ ಓಡುತ್ತಿರುವಾಗಲೇ ಆ ಸ್ಕ್ರೂವನ್ನು ಮೆಲ್ಲಗೆ ತಿರುಗಿಸುತ್ತಾ ಹೋದರು. ಒಂದು ಜಾಗಕ್ಕೆ ಬಂದಾಗ ಅಜ್ಜಿ ಬಾಗಿಲು ತೆಗೆದು ಹೊರಗೆ ಬಂದ ಹಾಗೆ ಕೇಳಿಸಿತು. ನನ್ನ ಮೈ ಜುಮ್ ಅಂತು. ಅವರೂ ನಕ್ಕರು. ಪ್ರತಿ ಕ್ಯಾಸೆಟ್ಟೂ ಬೇರೆ ಬೇರೆ ಮೆಷಿನ್ನಿನಲ್ಲಿ ರೆಕಾರ್ಡ್ ಆಗಿರುತ್ತದೆ, ಹಾಗಾಗಿ ಒಂದೊಂದಕ್ಕೂ ಇದನ್ನು ಕೇಳಿ ಸರಿ ಮಾಡಿಕೊಳ್ಳಬೇಕು ಅಂದರು.

ಲ್ಯಾಪ್‌ಟಾಪಿಗೆ ಇಳಿಸುವಾಗ ಗುಂಯ್ ಅನ್ನೋ ಇನ್ನೊಂದು ಸದ್ದು ಸೇರಿಕೊಂಡಿತು. ಅದು ಹಿಸ್ ಅಲ್ಲ, ಕರೆಂಟಿನ ಸದ್ದು. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಹಾಗಾಗಿ 50, 100, 150 ಅಂತ ಮೆಟ್ಟಿಲು ಮೆಟ್ಟಿಲಾಗಿ ಕೂರುತ್ತದೆ. ಫಿಲ್ಟರ್ ಹಾಕಿ ತೆಗೆಯಬಹುದು, ಆದರೆ ಅದಕ್ಕಿಂತ ಸುಲಭದ ದಾರಿ ಇದೆ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಪ್ಲೇಯರಿಗೆ ಸೆಲ್ಲು ಹಾಕಿ. ನಾನು ಇದನ್ನು ಕಂಡುಕೊಂಡದ್ದು ಒಂದು ಸಂಜೆ ಗಾಳಿಗೆ ಮರ ಬಿದ್ದು ಕರೆಂಟು ಹೋದಾಗ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಎರಡು ದಿನ ಬರಲ್ಲ, ಗೊತ್ತಲ್ವಾ. ಫ್ರಿಜ್ಜಿಲ್ಲ, ಫ್ಯಾನಿಲ್ಲ, ಪಂಪಿಲ್ಲ. ಇಡೀ ಊರೇ ಸ್ಟುಡಿಯೋ ಆದ ಹಾಗಿತ್ತು. ಇನ್ನೊಂದು, ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೆ ನೇರ ವೈರ್ ಹಾಕಬೇಡಿ, ಅದು ಒಳಗೆ ತಗೊಳ್ಳೋದು ಮೈಕಿನ ಸಣ್ಣ ದನಿಯನ್ನು ಮಾತ್ರ, ಪ್ಲೇಯರಿನ ದನಿ ಒಡೆಯುತ್ತದೆ. ಕಡಿಮೆ ಬೆಲೆಯದ್ದಾದರೂ ಸರಿ, ಲೈನ್ ಇನ್ (ಪ್ಲೇಯರಿನಂಥ ಜೋರು ದನಿ ತಗೊಳ್ಳೋ ತೂತು) ಇರೋ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ದನಿ ಜೋರಿದ್ದ ಕಡೆ ಮೀಟರ್ ಮೈನಸ್ 6 ಡೆಸಿಬಲ್ (ಸದ್ದಿನ ಅಳತೆ) ದಾಟದ ಹಾಗೆ ನೋಡಿಕೊಂಡು, ಡಬ್ಲ್ಯುಎವಿ ಫೈಲಾಗಿ ಉಳಿಸಿ. ಎಂಪಿ3 ಮಾಡೋದು ಎಲ್ಲಾ ಮುಗಿದ ಮೇಲೆ.

ಈಗ ತಪ್ಪಿನ ವಿಷಯಕ್ಕೆ ಬರ್ತೀನಿ.

ನಾನು ಬಳಸಿದ್ದು ಆಡಾಸಿಟಿ. 2000ದಿಂದ ಪುಕ್ಕಟೆ ಸಿಗುತ್ತಿರೋ ಸಾಫ್ಟ್‌ವೇರ್, ಈ ಕೆಲಸಕ್ಕೆ ಬೇರೇನೂ ಬೇಡ. ಅದರಲ್ಲಿ ನಾಯ್ಸ್ ರಿಡಕ್ಷನ್ ಅಂತ ಒಂದು ಎಫೆಕ್ಟ್ ಇದೆ. ಎರಡು ಹಂತ. ಮೊದಲು ಬರೀ ಹಿಸ್ ಮಾತ್ರ ಇರೋ ಒಂದು ತುಂಡನ್ನು ಆರಿಸಿ, ‘ಇದು ನಾಯ್ಸ್’ ಅಂತ ಅದಕ್ಕೆ ತೋರಿಸಬೇಕು. ಆಮೇಲೆ ಇಡೀ ಹಾಡನ್ನು ಆರಿಸಿ, ಎಷ್ಟು ಡೆಸಿಬಲ್ ಇಳಿಸಬೇಕು ಅಂತ ಹೇಳಬೇಕು. ಅಷ್ಟೇ. ಅಷ್ಟೇ ಇರೋದರಿಂದಲೇ ನಾನು ಎಡವಿದೆ.

ಮೊದಲನೇ ತಪ್ಪು, ಯಾವ ತುಂಡು ತೋರಿಸಿದೆ ಅನ್ನೋದು. ಕ್ಯಾಸೆಟ್ ಶುರುವಾದ ಜಾಗದಲ್ಲಿ ಯಾರೂ ಹಾಡ್ತಿಲ್ಲ ಅಂತ ಅಲ್ಲಿಂದಲೇ ಐದು ಸೆಕೆಂಡ್ ತೆಗೆದುಕೊಂಡೆ. ಆದರೆ ಕ್ಯಾಸೆಟ್ಟಿನ ತುದಿಯಲ್ಲಿ ಬಣ್ಣದ ಅಥವಾ ಪಾರದರ್ಶಕವಾದ ಒಂದು ಪಟ್ಟಿ ಇರುತ್ತಲ್ಲ, ಅದರ ಮೇಲೆ ಕಬ್ಬಿಣದ ಪುಡಿ ಇರೋದೇ ಇಲ್ಲ. ಅಲ್ಲಿ ಕೇಳೋದು ಪ್ಲೇಯರಿನ ಸದ್ದು ಮಾತ್ರ. ಅದು ದಾಟಿದ ಮೇಲೆ ಖಾಲಿ ಟೇಪಿನ ಹಿಸ್ ಶುರು. ಚಿಕ್ಕಪ್ಪ ರೆಕಾರ್ಡ್ ಗುಂಡಿ ಒತ್ತಿದ ಮೇಲೆ ಮೈಕಿನ ಹಿಸ್ಸೂ ಜಗಲಿಯ ಸದ್ದೂ ಸೇರುತ್ತದೆ. ಗಮನ ಕೊಟ್ಟು ಕೇಳಿದರೆ ಮೂರೂ ಬೇರೆ ಬೇರೆ, ಒಂದಕ್ಕಿಂತ ಒಂದು ಎತ್ತರ. ನಮಗೆ ಬೇಕಾದ್ದು ಮೂರನೆಯದು.

ಅದರಲ್ಲೂ ಒಂದು ತೊಡಕಿದೆ. ಆ ಕಾಲದ ಟು ಇನ್ ಒನ್‌ಗಳು ರೆಕಾರ್ಡಿಂಗಿನ ವಾಲ್ಯೂಮನ್ನು ತಾವೇ ಏರಿಸಿ ಇಳಿಸುತ್ತಿದ್ದವು. ಅಜ್ಜಿ ಜೋರಾಗಿ ಎತ್ತಿಕೊಂಡರೆ ಅದು ತಗ್ಗಿಸುತ್ತದೆ, ಉಸಿರು ತಗೊಳ್ಳೋಕೆ ನಿಲ್ಲಿಸಿದರೆ ಕಿವಿ ಚಾಚಿದ ಹಾಗೆ ಮೆಲ್ಲಗೆ ಏರಿಸುತ್ತಾ ಹೋಗುತ್ತದೆ. ಅಂದರೆ ಎರಡು ಹಾಡಿನ ನಡುವೆ ಕೇಳೋ ಹಿಸ್ ಹಾಡಿನ ಅಡಿಯಲ್ಲಿರೋ ಹಿಸ್ಸಿಗಿಂತ ಜೋರು. ಹಾಡು ನಿಂತು ತುಂಬಾ ಹೊತ್ತಾದ ಜಾಗದ ತುಂಡನ್ನು ತೋರಿಸಿದರೆ, ಸಾಫ್ಟ್‌ವೇರ್ ಹಾಡಿನೊಳಗೂ ಅಷ್ಟೇ ಹಿಸ್ ಇದೆ ಅಂತ ತಿಳಿದುಕೊಂಡು ಬೇಕಾದ್ದನ್ನೂ ತೆಗೆಯುತ್ತದೆ. ಸಾಲು ಮುಗಿದು ಇನ್ನೊಂದು ಸಾಲು ಶುರುವಾಗೋ ನಡುವೆ ಅರ್ಧ ಸೆಕೆಂಡ್ ಸಿಕ್ಕಿದರೂ ಸಾಕು, ಅದನ್ನೇ ತೋರಿಸಿ. ಅಜ್ಜಿಯ ಉಸಿರು ಅದರಲ್ಲಿ ಸೇರಿರಬಾರದು, ಅಷ್ಟು ನೋಡಿಕೊಳ್ಳಿ.

ಎರಡನೇ ತಪ್ಪು ಆಸೆಯದು. ತುಂಡು ಬದಲಾಯಿಸಿಕೊಂಡ ಮೇಲೆ ಮೊದಲನೇ ಸಲ 12 ಡೆಸಿಬಲ್ ಕೊಟ್ಟೆ, ಹಿಸ್ ಕಾಲು ಭಾಗಕ್ಕೆ ಇಳಿಯಿತು. ಇಷ್ಟು ಹೋಗುತ್ತೆ ಅಂದರೆ ಪೂರ್ತಿ ಹೋಗಲಿ ಅಂತ 24 ಕೊಟ್ಟೆ. ಹಿಸ್ ಮಾಯ. ರಾತ್ರಿ 12 ಗಂಟೆಗೆ ಸ್ಪೀಕರಿನಲ್ಲಿ ಹಾಕಿಕೊಂಡು ಕೇಳಿದಾಗ ಎಷ್ಟು ಖುಷಿಯಾಯ್ತು ಅಂದರೆ, ಆಗಲೇ ಫೈಲನ್ನು ಇಬ್ಬರು ಚಿಕ್ಕಮ್ಮಂದಿರಿಗೆ ಕಳಿಸಿಬಿಟ್ಟಿದ್ದೆ.

ಈ ಎಫೆಕ್ಟ್ ಕೆಲಸ ಮಾಡೋ ರೀತಿ ಗೊತ್ತಿದ್ದರೆ ಹಾಗೆ ಮಾಡ್ತಿರಲಿಲ್ಲ. ಅದು ದನಿಯನ್ನು ಸಣ್ಣ ಸಣ್ಣ ತುಂಡು ಮಾಡುತ್ತದೆ, ಒಂದೊಂದು ತುಂಡು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು. ಒಂದೊಂದು ತುಂಡನ್ನೂ ಮತ್ತೆ ಮಂದ್ರದಿಂದ ತಾರದವರೆಗೆ ಸಾವಿರ ಪಟ್ಟಿಗಳಾಗಿ ಸೀಳುತ್ತದೆ. ನಾವು ತೋರಿಸಿದ ಹಿಸ್ಸಿನಲ್ಲಿ ಆ ಪಟ್ಟಿ ಎಷ್ಟು ಜೋರಿತ್ತು ಅಂತ ಅದಕ್ಕೆ ನೆನಪಿದೆ. ಆ ಮಟ್ಟಕ್ಕಿಂತ ಮೇಲಿದ್ದರೆ ಬಿಡುತ್ತದೆ, ಕೆಳಗಿದ್ದರೆ ತಗ್ಗಿಸುತ್ತದೆ. ‘ಆ’, ‘ಈ’, ‘ಓ’ ಅಂತ ಎಳೆದು ಹಾಡುವಾಗ ದನಿ ಕೆಲವೇ ಪಟ್ಟಿಗಳಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಅದಕ್ಕೆ ಏನೂ ಆಗಲ್ಲ. ಆದರೆ ‘ಸ’ ಹಾಗಲ್ಲ. ನೀವೇ ಒಂದು ಸಲ ಸ್‌ಸ್‌ಸ್ ಅಂದು ನೋಡಿ, ಗಂಟಲು ಮಿಡಿಯೋದೇ ಇಲ್ಲ, ಬರೀ ಗಾಳಿ. ಆ ಗಾಳಿ 4 ಕಿಲೋಹರ್ಟ್ಜಿನಿಂದ ಮೇಲಕ್ಕೆ ನೂರಾರು ಪಟ್ಟಿಗಳಲ್ಲಿ ತೆಳ್ಳಗೆ ಹರಡಿರುತ್ತದೆ, ಹಿಸ್ ಕೂತಿರೋ ಜಾಗದಲ್ಲೇ. ಯಂತ್ರಕ್ಕೆ ಎರಡೂ ಒಂದೇ. ಮೊರದಲ್ಲಿ ಕೇರುವಾಗ ಗಾಳಿ ಜೋರಾದರೆ ಹೊಟ್ಟಿನ ಜೊತೆ ನುಚ್ಚೂ ಹಾರಿ ಹೋಗುತ್ತಲ್ಲ, ಹಾಗೆ. ಅದರಲ್ಲೂ ಹಲ್ಲಿಲ್ಲದ ಬಾಯಿಯ ‘ಸ’ ಮೊದಲೇ ಮೆತ್ತಗೆ.

‘ಸ’ ಒಂದೇ ಅಲ್ಲ. ‘ಶ’, ‘ಷ’, ‘ಹ’ ಎಲ್ಲದರ ಕಥೆಯೂ ಇದೇ, ‘ಖ’, ‘ಛ’ದ ಹಿಂದಿನ ಉಸಿರೂ ತೆಳುವಾಗುತ್ತದೆ. ಕನ್ನಡದಲ್ಲಿ ಇವೆಲ್ಲ ಎಷ್ಟು ಬರುತ್ತವೆ ನೋಡಿ, ಶಿವಮೊಗ್ಗ, ಹೊಸನಗರ, ಸಾಗರ ಅಂತ ಊರಿನ ಹೆಸರು ಹೇಳಿದರೇ ಸಾಕು. ಇದರ ಜೊತೆಗೆ ಇನ್ನೊಂದು ಹಾನಿ. ಜಾಸ್ತಿ ತೆಗೆದಾಗ ಅಲ್ಲೊಂದು ಇಲ್ಲೊಂದು ಪಟ್ಟಿ ಮಾತ್ರ ಉಳಿದು ಮಿನುಗುತ್ತದೆ, ನೀರೊಳಗೆ ಗುಳುಗುಳು ಅಂದ ಹಾಗೆ, ದೂರದಲ್ಲಿ ಸಣ್ಣ ಗಂಟೆ ಅಲ್ಲಾಡಿದ ಹಾಗೆ. ಇದಕ್ಕೆ ಮ್ಯೂಸಿಕಲ್ ನಾಯ್ಸ್ ಅಂತಾರೆ. ಹಿಸ್ಸನ್ನು ಕಿವಿ ಐದು ನಿಮಿಷದಲ್ಲಿ ಮರೆತುಬಿಡುತ್ತದೆ. ಈ ಗುಳುಗುಳುವನ್ನು ಮರೆಯೋಕೆ ಆಗಲ್ಲ.

ಅತ್ತೆ ಹೇಳಿದ ಮೇಲೆ ಅದೇ ಎಫೆಕ್ಟಿನಲ್ಲಿ ಕೆಳಗೆ ಒಂದು ಆಯ್ಕೆ ಇರೋದು ಕಣ್ಣಿಗೆ ಬಿತ್ತು. ರೆಸಿಡ್ಯೂ ಅಂತ. ಅದನ್ನು ಒತ್ತಿದರೆ ಉಳಿದದ್ದು ಕೇಳಲ್ಲ, ತೆಗೆದದ್ದು ಮಾತ್ರ ಕೇಳುತ್ತದೆ. 24 ಡೆಸಿಬಲ್ಲಿನಲ್ಲೇ ಅದನ್ನು ಒತ್ತಿ ಕೇಳಿದೆ. ಹಿಸ್ಸಿನ ನಡುವೆ ಅಜ್ಜಿ ಇದ್ದರು. ರಾಗ ಇಲ್ಲ, ಸ್ವರ ಇಲ್ಲ, ಬರೀ ಬಾಯಿ. ಸ್... ಸ್... ಹ್... ಶ್... ಅಂತ, ಪಿಸುಗುಟ್ಟಿದ ಹಾಗೆ, ಹಾಡಿನ ತಾಳಕ್ಕೆ ಸರಿಯಾಗಿ. ಯಾವ ಹಾಡು ಅಂತ ಅದರಿಂದಲೇ ಗುರುತು ಹಿಡಿಯಬಹುದಿತ್ತು. ಅಷ್ಟನ್ನು ನಾನು ಕಸ ಅಂತ ಹೊರಗೆ ಹಾಕಿದ್ದೆ. ಆ ರಾತ್ರಿ ಬೇರೆ ಕೆಲಸ ಮಾಡೋಕೆ ಮನಸ್ಸಾಗಲಿಲ್ಲ.

ಅವತ್ತಿಂದ ನನಗೆ ಇದೊಂದೇ ಅಳತೆ. ರೆಸಿಡ್ಯೂ ಒತ್ತಿ ಕೇಳಿ. ಅದರಲ್ಲಿ ಮಾತು ಗುರುತು ಸಿಕ್ಕಿದರೆ ಜಾಸ್ತಿ ತೆಗೆದಿದ್ದೀರಿ. ಬರೀ ಶ್ ಅಂತ ಒಂದೇ ಸಮ ಕೇಳಿದರೆ ಸರಿ ಇದೆ.

ಮೂಲ ಫೈಲು ಹಾಗೇ ಇಟ್ಟಿದ್ದೆ, ಅದರಿಂದ ಮತ್ತೆ ಶುರು ಮಾಡೋಕೆ ಆಯ್ತು. ಈ ಸಲ 8 ಡೆಸಿಬಲ್, ಅದೇ ಎಫೆಕ್ಟಿನ ಇನ್ನೆರಡು ಆಯ್ಕೆಗಳಾದ ಸೆನ್ಸಿಟಿವಿಟಿ 4, ಸ್ಮೂದಿಂಗ್ 6. ನನ್ನ ಕ್ಯಾಸೆಟ್ಟಿಗೆ ಇದು ಸರಿ ಹೋಯ್ತು, ನಿಮ್ಮದಕ್ಕೆ ಬೇರೆ ಇರಬಹುದು, ಕಿವಿಯಲ್ಲಿ ಕೇಳಿಯೇ ಹೊಂದಿಸಬೇಕು. 8 ಡೆಸಿಬಲ್ ಅಂದರೆ ಹಿಸ್ ಪೂರ್ತಿ ಹೋಗಲ್ಲ, ಆದರೆ ಅಂಗಳದಲ್ಲಿ ಸುರಿಯುತ್ತಿದ್ದ ಮಳೆ ಗದ್ದೆಯಾಚೆ ಹೋದಷ್ಟು ದೂರವಾಗುತ್ತದೆ. ಅಷ್ಟು ಸಾಕು. ಯಾಕಂದ್ರೆ ಅಜ್ಜಿ ಹಾಡ್ತಿರುವಾಗ ದನಿಯೇ ಹಿಸ್ಸನ್ನು ಮುಚ್ಚಿಬಿಡುತ್ತದೆ, ನಮಗೆ ಅದು ಕಾಡೋದು ನಡುವಿನ ಬಿಡುವಿನಲ್ಲಿ ಮಾತ್ರ.

8ಕ್ಕೂ ಕೆಲವು ‘ಸೋ’ಗಳು ಮಂಕಾಗಿದ್ದವು. ಅವನ್ನು ಕೈಯಲ್ಲೇ ಸರಿ ಮಾಡಿದೆ. ಮೂಲ ಟ್ರ್ಯಾಕು ಮೇಲೆ, ತೊಳೆದ ಟ್ರ್ಯಾಕು ಕೆಳಗೆ, ಎರಡನ್ನೂ ಒಂದೇ ಗೆರೆಗೆ ಜೋಡಿಸಿ, ‘ಸ’ ಬರೋ ಜಾಗದಲ್ಲಿ ಮೇಲಿನಿಂದ ಅಷ್ಟೇ ತುಂಡನ್ನು ತೆಗೆದು ಕೆಳಗೆ ಕೂರಿಸಿದೆ. ತುದಿಗಳಲ್ಲಿ ಟಿಕ್ ಅನ್ನದ ಹಾಗೆ ಒಂದರೊಳಗೆ ಒಂದನ್ನು ಕರಗಿಸಬೇಕು. ದನಿಯನ್ನು ಮಂದ್ರದಿಂದ ತಾರದವರೆಗೆ ಚಿತ್ರವಾಗಿ ತೋರಿಸೋ ಸ್ಪೆಕ್ಟ್ರೋಗ್ರಾಮ್ ಹಾಕಿಕೊಂಡರೆ ‘ಸ’ ಕಣ್ಣಿಗೇ ಕಾಣುತ್ತದೆ, ಮೇಲ್ಗಡೆ ಮಂಜು ಕವಿದ ಹಾಗೆ ಒಂದು ಮಚ್ಚೆ. ಮೊದಲನೇ ಹಾಡೊಂದರಲ್ಲೇ 64 ಕಡೆ ಹೀಗೆ ಮಾಡಿದೆ. ಎರಡು ಸಂಜೆ ಹೋಯ್ತು. ಆ ಎರಡು ಸಂಜೆ ನಾನು ಅಜ್ಜಿಯ ಪಕ್ಕದಲ್ಲೇ ಕೂತ ಹಾಗಿತ್ತು ಅನ್ನೋದನ್ನು ಹೇಳದೇ ಇರೋಕೆ ಆಗಲ್ಲ. ಅವರು ಯಾವ ಸಾಲಿನಲ್ಲಿ ಉಸಿರು ತಗೊಳ್ತಾರೆ, ಯಾವ ಸಾಲಿನಲ್ಲಿ ತಡೆದು ಮುಗಿಸ್ತಾರೆ, ಎಲ್ಲಾ ಈಗ ನನಗೆ ಬಾಯಿಪಾಠ.

ನಡುವಿನ ಬಿಡುವಿನ ವಿಷಯ ಒಂದು ಬಾಕಿ ಇದೆ. ಮೊದಲ ಸಲ ನಾನು ನಾಯ್ಸ್ ಗೇಟ್ (ಸಣ್ಣ ಸದ್ದನ್ನೆಲ್ಲ ಮುಚ್ಚೋ ಎಫೆಕ್ಟ್) ಹಾಕಿ ಹಾಡಿಲ್ಲದ ಜಾಗವನ್ನೆಲ್ಲ ಸೊನ್ನೆ ಮಾಡಿದ್ದೆ. ಹಾಡು ನಿಂತ ತಕ್ಷಣ ಫೋನ್ ಕಟ್ಟಾದ ಹಾಗೆ ಮೌನ, ಮತ್ತೆ ಹಾಡು ಬಂದಾಗ ಹಿಸ್ಸೂ ದಡಕ್ಕನೆ ಬರೋದು. ಈ ಸಲ ಗೇಟು ತೆಗೆದೆ. ಅತ್ತೆಯನ್ನು ಮತ್ತೆ ಕೂರಿಸಿ ಕೇಳಿಸಿದೆ. ಮೊದಲ ಹಾಡು ಮುಗಿಯಿತು, ಹಿಸ್ ಮೆಲ್ಲಗೆ ಏರಿತು, ಅದರೊಳಗೆ ಟಕ್ ಟಕ್ ಟಕ್ ಅಂತ ಏನೋ ಕೇಳಿತು. ಅತ್ತೆ ತಟ್ಟನೆ ನನ್ನ ಕೈ ಹಿಡಿದರು. “ಕುಟ್ಟಾಣಿ! ಅಮ್ಮ ಎಲೆಯಡಿಕೆ ಕುಟ್ಕೊಳ್ತಿದ್ದಾರೆ ಕೇಳು. ಒಂದು ಹಾಡು ಆದ ಕೂಡ್ಲೆ ಬಾಯಿಗೆ ಹಾಕ್ಬೇಕಿತ್ತು ಅವ್ರಿಗೆ. ನಾನು ಪಕ್ಕದಲ್ಲೇ ಕೂತಿದ್ದೆ.” ನನಗೆ ಅದು ಟೇಪಿನ ಕಟಕಟ ಅಂತ ಅನ್ನಿಸಿತ್ತು. ಹಲ್ಲಿಲ್ಲದ ಬಾಯಿಗೆ ಎಲೆಯಡಿಕೆ ಕುಟ್ಟಿಯೇ ಹಾಕಬೇಕಲ್ಲ. ಅದನ್ನೂ ಸೊನ್ನೆ ಮಾಡಿದ್ದೆ ನಾನು.

ಈಗ ಒಂದೇ ಗುಂಡಿ ಒತ್ತಿದರೆ ಎಲ್ಲಾ ಮಾಡಿಕೊಡೋ ಎಐ ಸಾಫ್ಟ್‌ವೇರ್‌ಗಳು ಬಂದಿವೆಯಲ್ಲ ಅಂತ ಒಬ್ಬ ಗೆಳೆಯ ಕೇಳಿದ. ನೋಡಿದೆ. ಆರ್‌ಎನ್‌ನಾಯ್ಸ್ ಅಂತ ಪುಕ್ಕಟೆ ಸಿಗೋದು ಒಂದಿದೆ. ಅದಕ್ಕೆ ನಾವು ಹಿಸ್ ತೋರಿಸಬೇಕಾಗಿಲ್ಲ, ಮಾತು ಹೇಗಿರುತ್ತದೆ ಅಂತ ಮೊದಲೇ ಕಲಿತು ಬಂದಿರುತ್ತದೆ. ಮೀಟಿಂಗಿಗೆ, ಪಾಠ ಹೇಳೋರಿಗೆ ಬಹಳ ಒಳ್ಳೇದು, ಫ್ಯಾನಿನ ಸದ್ದನ್ನು ಗುರುತೇ ಇಲ್ಲದ ಹಾಗೆ ತೆಗೆಯುತ್ತದೆ. ಆದರೆ ಅದು ಕಲಿತದ್ದು ಮಾತು. ಅಜ್ಜಿ ‘ಓ’ ಅಂತ ನಾಲ್ಕು ಸೆಕೆಂಡ್ ಎಳೆದ ಜಾಗದಲ್ಲಿ ಅದು ಇದ್ಯಾವುದೋ ಯಂತ್ರದ ಸದ್ದು ಅಂತ ತಿಳಿದು ದನಿಯನ್ನೇ ತಗ್ಗಿಸುತ್ತಾ ಹೋಯ್ತು. ಕುಟ್ಟಾಣಿ ಅಂತೂ ಪೂರ್ತಿ ಹೋಯ್ತು. ಫೋನಿನಲ್ಲಿ ತಾನಾಗೇ ಓಡೋ ನಾಯ್ಸ್ ಸಪ್ರೆಷನ್ನಿನದೂ ಇದೇ ಗುಣ, ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡೋರು ಇದನ್ನು ನೋಡಿರುತ್ತಾರೆ, ಒಂದೇ ಸಮ ಬರೋ ಶ್ರುತಿಯನ್ನು ಅದು ನಾಯ್ಸ್ ಅಂತ ನುಂಗುತ್ತದೆ. ಹಾಡು ರೆಕಾರ್ಡ್ ಮಾಡುವಾಗ ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಅತ್ತೆಯ ಹಾಡುಗಳನ್ನೂ ಈಗಲೇ ಹಿಡಿದಿಡಬೇಕು ಅನ್ನಿಸಿತು. ಅವರಿಗೂ ಎಪ್ಪತ್ತು ದಾಟಿದೆ. ಆದರೆ ಆಗ ಪುಷ್ಯ ಮಳೆ. ಹಂಚಿನ ಮೇಲೆ ಸುರಿಯೋ ಮಳೆಯೂ ಹಿಸ್ಸಿನ ಹಾಗೇ ಇರೋ ಸದ್ದು, ಮಂದ್ರದಿಂದ ತಾರದವರೆಗೆ ಎಲ್ಲಾ ಕಡೆ ಹರಡಿರುತ್ತದೆ, ಮೇಲಾಗಿ ಗಾಳಿ ಬಂದ ಹಾಗೆ ಏರುತ್ತದೆ ಇಳಿಯುತ್ತದೆ. ಒಂದು ಕ್ಷಣದ ಮಳೆಯನ್ನು ನಾಯ್ಸ್ ಅಂತ ತೋರಿಸಿದರೆ ಮುಂದಿನ ಕ್ಷಣಕ್ಕೆ ಅದು ಹೊಂದಲ್ಲ. ಸಾಫ್ಟ್‌ವೇರಿನಲ್ಲಿ ಮಳೆ ತೆಗೆಯೋ ಆಸೆ ಇಟ್ಟುಕೊಳ್ಳಬೇಡಿ. ಕೊಟ್ಟಿಗೆಗೆ ಹೊದಿಸಿದ ತಗಡಿನ ಹತ್ತಿರವಂತೂ ಸುಳಿಯಬೇಡಿ. ಹೊಳವಾಗೋದನ್ನು ಕಾಯಬೇಕು, ಅಷ್ಟೇ ದಾರಿ. ರಾತ್ರಿ ಮಳೆ ನಿಂತರೆ ಜೀರುಂಡೆ ಶುರುವಾಗುತ್ತದೆ, ಆದರೆ ಅದರ ತೊಂದರೆ ಕಡಿಮೆ. ನಮ್ಮ ಮನೆ ಹಿಂದಿನದು ಸ್ಪೆಕ್ಟ್ರೋಗ್ರಾಮಿನಲ್ಲಿ 5 ಕಿಲೋಹರ್ಟ್ಜ್ ಹತ್ತಿರ ಒಂದು ತೆಳು ಗೆರೆಯಾಗಿ ಕಂಡಿತು, ಅಷ್ಟು ಜಾಗವನ್ನು ಮಾತ್ರ ಇಳಿಸಿದರೆ ದನಿಗೆ ಏನೂ ಆಗಲ್ಲ.

ಜಾಗ ಹುಡುಕಿದೆವು. ಜಗಲಿ ಬೇಡ, ನಡುಮನೆಯಲ್ಲಿ ಸಿಮೆಂಟು ನೆಲ, ದನಿ ಗುಂಯ್‌ಗುಡುತ್ತದೆ. ಕೊನೆಗೆ ಅಡಿಕೆ ಚೀಲ ಒಟ್ಟೋ ಕೋಣೆ ಸರಿ ಅನ್ನಿಸಿತು. ಮೂರು ಕಡೆ ಗೋಣಿಚೀಲ, ಮೇಲೆ ಮರದ ಅಟ್ಟ, ಹಂಚು ದೂರ. ಬಾಗಿಲಿಗೆ ಎರಡು ಕಂಬಳಿ ಇಳಿಬಿಟ್ಟೆ. ಒಳಗೆ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಬಿದ್ದುಹೋಗುತ್ತಿತ್ತು.

ಇನ್ನು ಮೈಕು ಎಷ್ಟು ದೂರ ಅನ್ನೋದು. ನನ್ನನ್ನು ಕೇಳಿದರೆ ಈ ಇಡೀ ಬರಹದಲ್ಲಿ ಜಾಸ್ತಿ ಉಪಯೋಗಕ್ಕೆ ಬರೋ ಮಾತು ಇದು. ದೂರ ಅರ್ಧ ಆದರೆ ದನಿ 6 ಡೆಸಿಬಲ್ ಏರುತ್ತದೆ. ಅತ್ತೆ ಮೊದಲು ಮೈಕಿನಿಂದ ಎರಡು ಮೊಳ ದೂರ ಕೂತಿದ್ದರು. ಒಂದು ಮೊಳಕ್ಕೆ ಎಳೆದರೆ 6, ಒಂದು ಗೇಣಿಗೆ ತಂದರೆ ಇನ್ನೂ 6. ಅಂದರೆ ಕುರ್ಚಿ ಎಳೆದದ್ದರಲ್ಲೇ 12 ಡೆಸಿಬಲ್ ಲಾಭ. ಗೇನ್, ಅಂದರೆ ಮೈಕಿನ ದನಿ ಎತ್ತೋ ಪ್ರಮಾಣ, ಅಷ್ಟು ಇಳಿಸಿದೆ, ಹಿಸ್ ತಾನಾಗೇ ಅಷ್ಟು ಕೆಳಗೆ ಹೋಯ್ತು, ಒಂದು ‘ಸ’ವೂ ಸಾಯಲಿಲ್ಲ. ಮೈಕನ್ನು ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಪಕ್ಕಕ್ಕೆ ಇಟ್ಟರೆ ‘ಪ’, ‘ಭ’ ಅನ್ನುವಾಗ ಗಾಳಿ ಬಡಿಯಲ್ಲ. ಫೋನಿನಲ್ಲಿ ಮಾಡೋದಾದರೂ ಇದೇ ಲೆಕ್ಕ, ಏರೋಪ್ಲೇನ್ ಮೋಡಿಗೆ ಹಾಕಿ ಒಂದು ಗೇಣು ದೂರದಲ್ಲಿಡಿ. ದೂರದಲ್ಲಿಟ್ಟ ದುಬಾರಿ ಮೈಕಿಗಿಂತ ಹತ್ತಿರದ ಫೋನು ವಾಸಿ.

ರೆಕಾರ್ಡ್ ಒತ್ತಿದ ಮೇಲೆ “ಅತ್ತೆ, ಹತ್ತು ಸೆಕೆಂಡ್ ಸುಮ್ನೆ ಕೂತ್ಕೊಳ್ಳಿ, ಕೋಣೆ ಸದ್ದು ಬೇಕು” ಅಂದೆ. ಅವರು ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು, ಉಸಿರು ಕೂಡ ಬಿಗಿ ಹಿಡಿದು ಕೂತರು. ಹೊರಗೆ ಸೂರಿನಿಂದ ನೀರು ತೊಟ್ಟಿಕ್ಕೋದು ಸಣ್ಣಗೆ ಕೇಳ್ತಿತ್ತು. ಹನ್ನೆರಡನೇ ಸೆಕೆಂಡಿಗೆ ಉಸಿರು ಬಿಟ್ಟು “ಈಗ ಹಾಡ್ಲನಾ?” ಅಂದರು. ಅದೂ ಫೈಲಿನಲ್ಲಿದೆ, ಕತ್ತರಿಸಿಲ್ಲ.

ಕಂಪ್ರೆಸರ್ ಹಾಕೋ ಅಭ್ಯಾಸ ಇರೋರಿಗೆ ಒಂದು ಮಾತು, ಹಿಸ್ ಇಳಿಸೋದು ಅದಕ್ಕಿಂತ ಮೊದಲು ಆಗಬೇಕು. ಕಂಪ್ರೆಸರ್ ಸಣ್ಣ ಸದ್ದನ್ನು ಮೇಲಕ್ಕೆತ್ತುತ್ತದೆ, ಆಮೇಲೆ ಹಿಸ್ ಹಿಡಿಯೋದು ಕಷ್ಟ. 80 ಹರ್ಟ್ಜಿನ ಕೆಳಗೆ ಹಾಡೋ ಹೆಂಗಸರ ದನಿಯಲ್ಲಿ ಏನೂ ಇರಲ್ಲ, ಅದನ್ನು ಹೈ ಪಾಸ್ ಫಿಲ್ಟರಿನಲ್ಲಿ ಧೈರ್ಯವಾಗಿ ತೆಗೆಯಿರಿ. ಮೂಲ ಫೈಲನ್ನು ಮಾತ್ರ ಯಾವತ್ತೂ ಮುಟ್ಟಬೇಡಿ. ನಾನು ಮೂರು ಕಡೆ ಇಟ್ಟಿದ್ದೇನೆ, ಒಂದು ಇಲ್ಲಿ, ಒಂದು ಶಿವಮೊಗ್ಗದಲ್ಲಿ ತಂಗಿ ಮನೆಯಲ್ಲಿ, ಒಂದು ಆನ್‌ಲೈನಿನಲ್ಲಿ.

ಚಿಕ್ಕಮ್ಮಂದಿರಿಗೆ ಕಳಿಸಿದ್ದ ಹಳೇ ಫೈಲನ್ನು ಅಳಿಸೋಕೆ ಹೇಳಿ ಹೊಸದನ್ನು ಕಳಿಸಿದೆ. ಎ ಸೈಡಿನ ಐದು ಹಾಡು ಮುಗಿದಿದೆ. ಬಿ ಸೈಡು ಇನ್ನೂ ಹಾಗೇ ಇದೆ, ಅದರಲ್ಲಿ ಬೀಸೋ ಕಲ್ಲಿನ ಪದ ಇದೆಯಂತೆ, ಅಜ್ಜಿ ಕಲ್ಲು ಬೀಸುತ್ತಲೇ ಹಾಡಿದ್ದು. ಕಲ್ಲಿನ ಸದ್ದು ಯಾವುದು, ಟೇಪಿನದು ಯಾವುದು ಅಂತ ನನ್ನ ಕಿವಿ ನಂಬಿ ಈ ಸಲ ಶುರು ಮಾಡಲ್ಲ. ಅತ್ತೆ ಭಾನುವಾರ ಬರ್ತೀನಿ ಅಂದಿದ್ದಾರೆ. ಮೊದಲು ಇಬ್ಬರೂ ಕೂತು ಏನೂ ತೆಗೆಯದೆ ಪೂರ್ತಿ ಕೇಳ್ತೀವಿ.